ಕೆಮಿಕಲ್ ಟ್ರೀಟ್ಮೆಂಟ್ ಮಾಡಿಸಿದ ಕೂದಲು ಚೆನ್ನಾಗಿ ಬೆಳೀಬೇಕಂದ್ರೆ: ಪದೇ ಪದೇ ಕೇಳೋ ಪ್ರಶ್ನೆಗಳು

ಕೂದಲನ್ನ ನೆಟ್ಟಗೆ, ನುಣುಪಾಗಿ ಮಾಡೋ ರಿಬಾಂಡಿಂಗ್, ಸ್ಮೂತ್ನಿಂಗ್, ಕೆರಟಿನ್ ಟ್ರೀಟ್ಮೆಂಟ್, ಗುಂಗುರು ಮಾಡೋ ಪರ್ಮಿಂಗ್, ಗುಂಗುರು ಬಿಡಿಸೋ ರಿಲ್ಯಾಕ್ಸರ್ ಕ್ರೀಮ್, ಬ್ಲೀಚ್ ಹಾಕಿ ಮಾಡೋ ಹೈಲೈಟ್ಸ್, ಬಿಳಿಕೂದಲು ಮುಚ್ಚೋಕೆ ಹಚ್ಚೋ ಮಾಮೂಲಿ ಹೇರ್ ಕಲರ್ ಕೂಡ, ಇವೆಲ್ಲಾ ಕೆಮಿಕಲ್ ಟ್ರೀಟ್ಮೆಂಟೇ. ಮಾಡಿಸ್ಕೊಂಡ ಮೊದಲ ವಾರ ಯಾರಿಗೂ ಏನೂ ಪ್ರಶ್ನೆ ಇರಲ್ಲ, ಕನ್ನಡಿ ಬಿಟ್ಟು ಕದಲಲ್ಲ. ಎರಡ್ಮೂರು ತಿಂಗಳು ಕಳೀಲಿ, ಆಮೇಲೆ ಶುರು ಆಗತ್ತೆ ನೋಡಿ. ಆಗ ಬರೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಟ್ರೀಟ್ಮೆಂಟ್ ಆದ್ಮೇಲೆ ನನ್ ಕೂದಲು ಬೆಳೆಯೋದೇ ನಿಂತೋಗಿದೆ, ಯಾಕೆ?

ನಿಂತಿರಲ್ಲ, ಬಹುತೇಕ ಎಲ್ಲರ ವಿಷಯದಲ್ಲೂ. ಕೂದಲು ಹುಟ್ಟೋದು ತಲೆಚರ್ಮದ ಒಳಗಿರೋ ಬುಡದಲ್ಲಿ, ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಅಂದ್ರೆ ವರ್ಷಕ್ಕೆ ಹತ್ತಿರತ್ತಿರ 15 ಸೆಂ.ಮೀ. ಅದು ಹೊರಗೆ ಬಂದ ಮೇಲೆ ಅದಕ್ಕೆ ಜೀವ ಇಲ್ಲ, ರಕ್ತ ಇಲ್ಲ, ನರ ಇಲ್ಲ, ಬರೀ ಕೆರಟಿನ್ ಅನ್ನೋ ಪ್ರೋಟೀನು. ಪಾರ್ಲರಲ್ಲಿ ಹಚ್ಚಿದ್ದು ಈ ಹೊರಗಿನ ಭಾಗಕ್ಕೆ. ಬುಡದಲ್ಲಿ ತಿಂಗಳಿಗೆ 1 ಸೆಂ.ಮೀ. ಬರ್ತಿದ್ದು ತುದಿಯಲ್ಲಿ ಅಷ್ಟೇ ಮುರಿದು ಹೋಗ್ತಿದ್ರೆ ವರ್ಷ ಪೂರ್ತಿ ಭುಜದ ಹತ್ರನೇ ನಿಂತಿರೋ ಹಾಗೆ ಕಾಣತ್ತೆ ಅಷ್ಟೆ. ಕಲರ್ ಹಾಕ್ಸೋರಿಗೆ ಇದರ ಪ್ರೂಫ್ ಕಣ್ಣೆದುರೇ ಇರತ್ತೆ, ಒಂದೂವರೆ ತಿಂಗಳಿಗೆ ಬೈತಲೆ ಪಕ್ಕ ಬೇರೆ ಬಣ್ಣದ ಪಟ್ಟಿ ಕಾಣತ್ತಲ್ಲ, ಅದು ಹೊಸ ಬೆಳವಣಿಗೆನೇ ಅಲ್ವಾ. ಹಾಗಾಗಿ ನಿಮಗೆ ಬೇಕಾಗಿರೋದು ಬೆಳೆಸೋ ಎಣ್ಣೆಗಿಂತ ಹೆಚ್ಚಾಗಿ ಬೆಳೆದಿದ್ದನ್ನ ಉಳಿಸ್ಕೊಳ್ಳೋ ದಾರಿ. ಇನ್ನು ಮುಂದಿನ ಉತ್ತರಗಳಲ್ಲಿ ಮುಕ್ಕಾಲು ಭಾಗ ಅದೇ ಇದೆ.

ಕೆಮಿಕಲ್ ಕೂದಲಿಗೆ ಮಾಡೋದಾದ್ರೂ ಏನು?

ಕೂದಲಿನ ಹೊರಪದರಕ್ಕೆ ಕ್ಯೂಟಿಕಲ್ ಅಂತಾರೆ, ಮನೆ ಮೇಲಿನ ಹಂಚಿನ ತರ ಒಂದರ ಮೇಲೊಂದು ಜೋಡಿಸಿರೋ ಚಪ್ಪಟೆ ಪದರಗಳು. ಅದರ ಒಳಗೆ ಕಾರ್ಟೆಕ್ಸ್, ಶಕ್ತಿ ಬಣ್ಣ ಎರಡೂ ಅಲ್ಲೇ. ಕಾರ್ಟೆಕ್ಸ್‌ನ ಪ್ರೋಟೀನ್ ಎಳೆಗಳನ್ನ ಹಿಡಿದಿಟ್ಟಿರೋದು ಎರಡು ಸಲ್ಫರ್ ಸೇರಿ ಆಗೋ ಡೈಸಲ್ಫೈಡ್ ಬಾಂಡ್‌ಗಳು. ಕೂದಲು ಗುಂಗುರಾಗಿದ್ಯಾ ನೆಟ್ಟಗಿದ್ಯಾ ಅನ್ನೋ ಆಕಾರನ ಹಿಡಿದಿಡೋದೂ ಇವೇ.

ರಿಬಾಂಡಿಂಗ್‌ನಲ್ಲಿ, ಪರ್ಮಿಂಗ್‌ನಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಇರತ್ತೆ, ಅದು ಈ ಬಾಂಡ್‌ಗಳನ್ನ ಬಿಚ್ಚತ್ತೆ, ಆಮೇಲೆ ನ್ಯೂಟ್ರಲೈಸರ್ ಅಂತ ಹಚ್ಚೋ ಹೈಡ್ರೋಜನ್ ಪೆರಾಕ್ಸೈಡ್ ಹೊಸ ಆಕಾರದಲ್ಲಿ ಮತ್ತೆ ಕಟ್ಟತ್ತೆ, ಆದ್ರೆ ಬಿಚ್ಚಿದ್ದೆಲ್ಲಾ ವಾಪಸ್ ಕಟ್ಟಿಕೊಳ್ಳಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಇರೋ ರಿಲ್ಯಾಕ್ಸರ್ ಇನ್ನೂ ಖಡಕ್, ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದ್ರೆ ಮಧ್ಯ) 12 ದಾಟಿರತ್ತೆ, ಅದು ಬಾಂಡಿನಿಂದ ಒಂದು ಸಲ್ಫರನ್ನೇ ಕಿತ್ತುಹಾಕಿ ಲ್ಯಾಂಥಿಯೋನಿನ್ ಅನ್ನೋ ಬೇರೆ ಜೋಡಣೆ ಮಾಡಿಬಿಡತ್ತೆ, ಹಿಂದಕ್ಕೆ ತರೋ ಮಾತೇ ಇಲ್ಲ. ಬ್ಲೀಚ್ ಬಣ್ಣ ತೆಗೆಯೋ ಜೊತೆಗೆ ಬಾಂಡ್‌ಗಳನ್ನೂ ಸುಡತ್ತೆ.

ಇದೆಲ್ಲಾ ಒಳಗಿನ ಕಥೆ. ಹೊರಗೆ ಇನ್ನೊಂದು ನಷ್ಟ ಇದೆ, ಅದರ ಬಗ್ಗೆ ಯಾರೂ ಹೇಳಲ್ಲ. ಕೂದಲು ಹುಟ್ಟುವಾಗಲೇ ಅದರ ಮೇಲೆ 18-ಎಂಇಎ ಅನ್ನೋ ತೆಳ್ಳನೆ ಜಿಡ್ಡಿನ ಪದರ ಅಂಟಿಕೊಂಡಿರತ್ತೆ, ನೀರು ಜಾರಿ ಹೋಗೋದು, ಎಳೆಗಳು ಒಂದಕ್ಕೊಂದು ತಿಕ್ಕದೇ ಇರೋದು ಅದರಿಂದಾನೇ. ಬ್ಲೀಚ್, ಕಲರ್, ರಿಲ್ಯಾಕ್ಸರ್ ಎಲ್ಲಾ ಅದನ್ನ ಕಿತ್ತು ಹಾಕ್ತವೆ, ಅದು ತಿರುಗಾ ಬರಲ್ಲ. ಅದಕ್ಕೇ ಬ್ಲೀಚ್ ಆದ ಕೂದಲು ಬೇಗ ನೀರು ಹೀರತ್ತೆ, ಒಣಗೋಕೆ ಹೊತ್ತು ತಗೊಳತ್ತೆ, ಸಿಕ್ಕು ಜಾಸ್ತಿ. ಕಂಡೀಷನರ್ ಯಾಕೆ ಬೇಕು ಅಂತ ಕೇಳ್ತಾರಲ್ಲ, ಇದಕ್ಕೇ. ಹೋದ ಆ ಪದರದ ಕೆಲಸನ ಅದು ಮುಂದಿನ ತಲೆಸ್ನಾನದವರೆಗೆ ಮಾಡತ್ತೆ.

ಎಲ್ಲಾದಕ್ಕಿಂತ ಜಾಸ್ತಿ ಹಾಳು ಮಾಡೋದು ಯಾವ್ದು?

ಕಪ್ಪು ಕೂದಲನ್ನ ತುಂಬಾ ತಿಳಿ ಬಣ್ಣಕ್ಕೆ ತರೋ ಬ್ಲೀಚು, ಹೈಡ್ರಾಕ್ಸೈಡ್ ರಿಲ್ಯಾಕ್ಸರು, ಇವೆರಡೂ ಮೇಲೆ. ನಂತರ ರಿಬಾಂಡಿಂಗ್, ಅದರಲ್ಲಿ ಕೆಮಿಕಲ್ ಜೊತೆ ಜೋರು ಐರನ್ ಬೇರೆ ಎಳೀತಾರೆ. ಪರ್ಮನೆಂಟ್ ಕಲರ್ ಮಧ್ಯದಲ್ಲಿ, 20 ವಾಲ್ಯೂಮ್ ಅಂದ್ರೆ 6% ಪೆರಾಕ್ಸೈಡ್ ಇರತ್ತೆ ಸಾಮಾನ್ಯವಾಗಿ. ನಿಧಾನಕ್ಕೆ ಮಾಸಿ ಹೋಗೋ ಡೆಮಿ ಪರ್ಮನೆಂಟ್ ಕಲರ್ ಇನ್ನೂ ಹಗುರ. ಅಮೋನಿಯಾ ಇಲ್ಲ ಅಂತ ಬರೆದಿದ್ರೆ ಸೇಫ್ ಅಂದ್ಕೋಬೇಡಿ, ಅದರ ಜಾಗದಲ್ಲಿ ಬಹಳ ಸಲ ಅದೇ ಕೆಲಸ ಮಾಡೋ ಮೋನೋ ಎಥನಾಲಮೈನ್ ಹಾಕಿರ್ತಾರೆ, ವಾಸನೆ ಇರಲ್ಲ ಅನ್ನೋದೊಂದೇ ಸುಖ.

ಉದುರ್ತಿದ್ಯೋ ಮುರೀತಿದ್ಯೋ ಹೇಗ್ ಗೊತ್ತಾಗತ್ತೆ?

ಬಾಚಣಿಗೆಯಲ್ಲಿ ಸಿಕ್ಕ ಒಂದು ಕೂದಲು ತಗೊಂಡು ಬಿಳಿ ಕಾಗದದ ಮೇಲೆ ಇಟ್ಟು ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಬಿಳಿ ಗುಂಡು ಇದ್ರೆ ಅದು ಬುಡದಿಂದ ಬಂದಿದ್ದು, ಆಯಸ್ಸು ಮುಗಿಸಿ ಉದುರಿದ್ದು. ದಿನಕ್ಕೆ 50ರಿಂದ 100 ಹೀಗೆ ಉದುರೋದು ಮಾಮೂಲು, ಹೆದರಬೇಡಿ. ವಾರಕ್ಕೆರಡೇ ಸಲ ತಲೆಗೆ ಸ್ನಾನ ಮಾಡೋರಿಗೆ ಮೂರ್ನಾಲ್ಕು ದಿನದ್ದು ಒಟ್ಟಿಗೆ ಕೈಗೆ ಬರತ್ತೆ, ಅದನ್ನ ನೋಡಿ ಎದೆ ಒಡ್ಕೊಳ್ಳೋರು ಬಹಳ ಜನ.

ಗುಂಡು ಇಲ್ಲ, ತುಂಡು ಚಿಕ್ಕದಾಗಿದೆ, ಬೇರೆ ಬೇರೆ ಉದ್ದ ಇದೆ ಅಂದ್ರೆ ಮುರೀತಿದೆ. ಕೆಲವು ಎಳೆಗಳ ಮಧ್ಯದಲ್ಲಿ ಸಣ್ಣ ಬಿಳಿ ಚುಕ್ಕೆ ಕಾಣತ್ತೆ, ಅಲ್ಲಿ ಸ್ವಲ್ಪ ಬಗ್ಗಿಸಿದ್ರೆ ಪಟ್ ಅಂತ ಮುರಿಯತ್ತೆ, ಅಲ್ಲಿ ಕ್ಯೂಟಿಕಲ್ ಪೂರ್ತಿ ಹೋಗಿ ಒಳಗಿನ ನಾರು ಕೆದರಿರತ್ತೆ. ಕೆಮಿಕಲ್ ಆದ ಕೂದಲಲ್ಲಿ ಇದೇ ಜಾಸ್ತಿ. ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಏನೇ ಕೊಳ್ಳೋ ಮೊದ್ಲು ಇದನ್ನ ನೋಡ್ಕೊಳ್ಳಿ ಅನ್ನೋದು.

ಹಾಳಾದ ಕೂದಲು ರಿಪೇರಿ ಆಗತ್ತಾ? ಬಾಂಡ್ ಬಿಲ್ಡರ್ ಕೆಲಸ ಮಾಡತ್ತಾ?

ಪೂರ್ತಿ ರಿಪೇರಿ ಯಾವುದ್ರಿಂದಲೂ ಆಗಲ್ಲ. ಸೀಳಿದ ತುದಿ ಅಂಟಲ್ಲ, ಅಂಟಿಸ್ತೀವಿ ಅನ್ನೋ ಸೀರಮ್ಮು ಸಿಲಿಕೋನ್‌ನಿಂದ ಒಂದು ದಿನ ಎರಡು ದಿನ ಕೂಡಿಸಿಟ್ಟಿರತ್ತೆ ಅಷ್ಟೇ. ಬಾಂಡ್ ಬಿಲ್ಡರ್‌ಗಳು ಕೂದಲಿನ ಒಳಗೆ ಹೋಗಿ ಬಿಚ್ಚಿರೋ ಜಾಗಗಳನ್ನ ಸ್ವಲ್ಪ ಮಟ್ಟಿಗೆ ಜೋಡಿಸೋಕೆ ಅಂತ ಮಾಡಿರೋವು, ಬ್ಲೀಚ್ ಮಾಡ್ಸೋರಿಗೆ ಖರ್ಚು ಮಾಡೋದಿದ್ರೆ ಇದಕ್ಕೆ ಮಾಡಿ ಅಂತೀನಿ, ಅದೂ ಬ್ಲೀಚ್ ಜೊತೆಗೇ ಹಾಕ್ಸಿದ್ರೆ ಉಪಯೋಗ ಜಾಸ್ತಿ, ಎಲ್ಲಾ ಸುಟ್ಟ ಮೇಲೆ ಹಾಕೋದಕ್ಕಿಂತ. ಹೈಡ್ರಾಕ್ಸೈಡ್ ರಿಲ್ಯಾಕ್ಸರ್ ಆಗಿರೋ ಕೂದಲಿಗೆ ಹೆಚ್ಚು ನಿರೀಕ್ಷೆ ಇಟ್ಕೋಬೇಡಿ, ಅಲ್ಲಿ ಬಾಂಡಿನ ಸ್ವರೂಪನೇ ಬದಲಾಗಿರತ್ತೆ.

ನನಗೆ ಪ್ರೋಟೀನ್ ಬೇಕಾ, ಮಾಯಿಶ್ಚರ್ ಬೇಕಾ?

ತಲೆಸ್ನಾನ ಆದ್ಮೇಲೆ ತನ್ನಷ್ಟಕ್ಕೆ ಬಿದ್ದ ಒಂದು ಒದ್ದೆ ಕೂದಲನ್ನ ಎರಡೂ ಕೈಯಿಂದ ಹಿಡಿದು ನಿಧಾನಕ್ಕೆ ಎಳೀರಿ. ಆರೋಗ್ಯವಾಗಿರೋ ಒದ್ದೆ ಕೂದಲು ತನ್ನ ಉದ್ದದ ಸುಮಾರು 30% ಹಿಗ್ಗಿ, ಬಿಟ್ಟರೆ ವಾಪಸ್ ಬರತ್ತೆ. ಎಳೆದಷ್ಟೂ ಬರ್ತಾ ಇದೆ, ವಾಪಸ್ ಹೋಗ್ತಿಲ್ಲ, ಬೆರಳಿಗೆ ಲೊಳಲೊಳ ಅನ್ಸತ್ತೆ ಅಂದ್ರೆ ಒಳಗಿನ ಪ್ರೋಟೀನ್ ಸೋತಿದೆ, ಹೈಡ್ರೊಲೈಸ್ಡ್ (ಸಣ್ಣ ಸಣ್ಣ ತುಂಡು ಮಾಡಿದ) ಕೆರಟಿನ್ನೋ ಗೋಧಿ ಪ್ರೋಟೀನೋ ಇರೋ ಮಾಸ್ಕ್ ಎರಡ್ಮೂರು ವಾರಕ್ಕೊಮ್ಮೆ ಹಾಕಿ. ಹಿಗ್ಗೋದೇ ಇಲ್ಲ, ಎಳೆದ ತಕ್ಷಣ ಕಟ್ ಅಂದ್ರೆ ಒಣಗಿದೆ, ಪ್ರೋಟೀನ್ ಸ್ವಲ್ಪ ದಿನ ಬಿಟ್ಟು ಬರೀ ಕಂಡೀಷನಿಂಗ್ ಮಾಸ್ಕ್ ಸಾಕು.

ಒಂದು ಮಾತು, ಪ್ರೋಟೀನ್ ಒಳ್ಳೇದು ಅಂತ ವಾರಾ ವಾರಾ ಹಾಕ್ಬೇಡಿ. ಕೂದಲು ಪೊರಕೆ ಕಡ್ಡಿ ಆಗತ್ತೆ, ಆಮೇಲೆ ಇನ್ನೂ ಜಾಸ್ತಿ ಮುರಿಯತ್ತೆ.

ವಾರಕ್ಕೆ ಎಷ್ಟು ಸಲ ತಲೆಸ್ನಾನ?

ಇದಕ್ಕೆ ಎಲ್ರಿಗೂ ಒಂದೇ ಉತ್ತರ ಇಲ್ಲ, ತಲೆಚರ್ಮ ಎಣ್ಣೆ ಎಣ್ಣೆ ಆಗೋರು ಮೂರು ಸಲ, ಒಣ ಇರೋರು ಒಂದು ಎರಡು ಸಲ. ಕೂದಲು ಉಳಿಸ್ತೀನಿ ಅಂತ ಹದಿನೈದು ದಿನ ತೊಳೀದೇ ಬಿಟ್ಟು ತಲೆಯಲ್ಲಿ ಹೊಟ್ಟು ತುಂಬಿಸ್ಕೊಳ್ಳೋದು ಬೇಡ, ಬೆಳೆಯೋ ಜಾಗನೇ ಅದು, ಚೊಕ್ಕಟವಾಗಿರ್ಲಿ. ಶಾಂಪೂ ಬುಡಕ್ಕೆ, ಕಂಡೀಷನರ್ ಮಧ್ಯದಿಂದ ತುದಿಗೆ. ಉದ್ದದ ಭಾಗನ ಮೇಲಕ್ಕೆ ಗುಪ್ಪೆ ಹಾಕ್ಕೊಂಡು ಬಟ್ಟೆ ಒಗೆದ ಹಾಗೆ ತಿಕ್ಕಬೇಡಿ, ನೊರೆ ಇಳಿದು ಹೋಗುವಾಗ ಅಲ್ಲಿ ತಾನಾಗೇ ತೊಳೆಯತ್ತೆ. ನೀರು ಉಗುರು ಬೆಚ್ಚಗೆ. ಆಮೇಲೆ ಟವಲ್‌ನಿಂದ ಉಜ್ಜಬಾರದು, ಒತ್ತಿ ಒತ್ತಿ ನೀರು ತೆಗೀರಿ.

ರಿಬಾಂಡಿಂಗ್ ಮಾಡಿಸಿದ ಮೇಲೆ ಮೊದಲ ಮೂರು ದಿನ ತೊಳೀಬೇಡಿ, ಕಟ್ಟಬೇಡಿ ಅಂತ ಹೇಳಿರ್ತಾರಲ್ಲ, ನಿಮಗೆ ಮಾಡಿದವರು ಎಷ್ಟು ದಿನ ಹೇಳಿದಾರೋ ಅದನ್ನೇ ಪಾಲಿಸಿ, ಪ್ರಾಡಕ್ಟ್‌ನಿಂದ ಪ್ರಾಡಕ್ಟ್‌ಗೆ ಬದಲಾಗತ್ತೆ.

ಸಲ್ಫೇಟ್ (ಜೋರಾಗಿ ತೊಳೆಯೋ ನೊರೆ ಕೆಮಿಕಲ್) ಫ್ರೀ ಶಾಂಪೂನೇ ಬೇಕಾ?

ಬೇಕೇ ಬೇಕು ಅಂತಿಲ್ಲ, ಆದ್ರೆ ಕಲರ್, ಕೆರಟಿನ್ ಮಾಡಿಸಿದ್ರೆ ಮೃದುವಾದ ಶಾಂಪೂ ಒಳ್ಳೇದು. ಸಲ್ಫೇಟ್‌ಗಿಂತ ಪಿಎಚ್ ಕಡೆ ಜಾಸ್ತಿ ಗಮನ ಕೊಡಿ ಅಂತ ನನ್ನ ಅಭಿಪ್ರಾಯ, 5.5ರ ಆಸುಪಾಸು ಇದ್ರೆ ಕ್ಯೂಟಿಕಲ್ ಮುಚ್ಚಿಕೊಂಡಿರತ್ತೆ. ಮೈ ತೊಳೆಯೋ ಸೋಪು 9-10 ಇರತ್ತೆ, ಅದನ್ನ ತಲೆಗೆ ಹಚ್ಚೋದನ್ನ ಮೊದ್ಲು ನಿಲ್ಸಿ. ಬೋರ್‌ವೆಲ್ ತರದ ಗಡಸು ನೀರಿದ್ರೆ ತಿಂಗಳಿಗೊಮ್ಮೆ ಕಿಲೇಟಿಂಗ್ ಶಾಂಪೂ ಹಾಕಿ, ಅಂದ್ರೆ ಇಡಿಟಿಎ ತರದ್ದಿದ್ದು ಕೂದಲಿಗಂಟಿದ ಲವಣ ಎಳೆದು ತೆಗೆಯೋ ಶಾಂಪೂ, ಇಲ್ಲಾಂದ್ರೆ ಕ್ಯಾಲ್ಶಿಯಂ ಕೂತು ಕೂದಲು ಮಂಕಾಗತ್ತೆ.

ಎಣ್ಣೆ ಹಚ್ಚಬಹುದಾ, ಯಾವ ಎಣ್ಣೆ?

ಹಚ್ಚಿ, ಆದ್ರೆ ಎಣ್ಣೆ ಕೂದಲು ಬೆಳೆಸತ್ತೆ ಅಂತ ಅಲ್ಲ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ರು, ತೊಳೆಯುವಾಗ ಹೋಗೋ ಪ್ರೋಟೀನನ್ನ ಕಮ್ಮಿ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ, ಬ್ಲೀಚ್ ಆದ ಕೂದಲಲ್ಲೂ. ಅದರಲ್ಲಿರೋ ಲಾರಿಕ್ ಆಸಿಡ್ ಅಣು ಸಣ್ಣದು, ನೆಟ್ಟಗಿರತ್ತೆ, ಕೂದಲ ಒಳಗೆ ಇಳಿಯತ್ತೆ. ಹಾಗಾಗಿ ತಲೆಸ್ನಾನಕ್ಕೆ ಮುಂಚೆ ಮಧ್ಯದಿಂದ ತುದಿವರೆಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೀರಿ. ಸ್ವಲ್ಪನೇ ಹಚ್ಚಿ, ಸುರ್ಕೊಂಡ್ರೆ ಅದನ್ನ ತೆಗೆಯೋಕೆ ಎರಡು ಸಲ ಶಾಂಪೂ ಹಾಕ್ತೀರಿ, ಬಂದ ಲಾಭ ಅಲ್ಲಿಗೆ ಹೋಯ್ತು. ತಲೆ ತುಂಬಾ ಹೊಟ್ಟಿದ್ರೆ ಬುಡಕ್ಕೆ ಎಣ್ಣೆ ಬೇಡ. ಟ್ರೀಟ್ಮೆಂಟ್ ಆದ ತಕ್ಷಣ ನೆತ್ತಿ ಉರೀತಿದ್ರೆ ಜೋರು ಮಸಾಜೂ ಬೇಡ.

ಬಾಚೋದ್ರಲ್ಲಿ ಏನಿದೆ ಮಹಾ?

ಎಲ್ಲಾ ಅಲ್ಲೇ ಇದೆ ಕಣ್ರೀ. ಸಾವಿರಾರು ರೂಪಾಯಿ ಮಾಸ್ಕ್ ಹಾಕಿ, ಒದ್ದೆ ತಲೆಗೆ ಸಣ್ಣ ಹಲ್ಲಿನ ಬಾಚಣಿಗೆ ನೆತ್ತಿಯಿಂದ ಕೆಳಗೆ ಸರಕ್ ಅಂತ ಎಳೆಯೋರನ್ನ ನೋಡಿದೀನಿ, ಕೈಯಲ್ಲಿ ಉಳಿಯೋ ಗುಂಜು ನೋಡಿ ಮತ್ತೆ ಪ್ರಾಡಕ್ಟಿಗೇ ಬೈತಾರೆ. ಒದ್ದೆ ಕೂದಲಲ್ಲಿ ಹೈಡ್ರೋಜನ್ ಬಾಂಡ್‌ಗಳು ಬಿಚ್ಚಿಕೊಂಡಿರ್ತವೆ, ಅದರಲ್ಲೂ ಕೆಮಿಕಲ್ ಆಗಿರೋದು ಆಗ ತೀರಾ ದುರ್ಬಲ. ಕಂಡೀಷನರ್ ತಲೆಯಲ್ಲಿರುವಾಗಲೇ ಬೆರಳಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ಮೊದಲು ತುದಿಯ ಸಿಕ್ಕು, ಆಮೇಲೆ ಅದಕ್ಕಿಂತ ಸ್ವಲ್ಪ ಮೇಲೆ, ಹಾಗೇ ಮೇಲಕ್ಕೆ ಹೋಗ್ಬೇಕು. ಸಿಕ್ಕಿನ ಮೇಲ್ಗಡೆ ಇನ್ನೊಂದು ಕೈಯಲ್ಲಿ ಹಿಡ್ಕೊಂಡ್ರೆ ಬುಡಕ್ಕೆ ಎಳೆತ ಬೀಳಲ್ಲ. ರಾತ್ರಿ ಸಡಿಲ ಜಡೆ ಹಾಕಿ ಮಲಗಿ, ದಿಂಬಿನ ಕವರ್ ನುಣುಪಾಗಿರ್ಲಿ. ಬಿಗಿಯಾಗಿ ಎಳೆದು ಜುಟ್ಟು ಕಟ್ಟೋ ಅಭ್ಯಾಸ ಇದ್ರೆ ಬಿಟ್ಬಿಡಿ, ವರ್ಷಗಟ್ಲೆ ಎಳೆದ್ರೆ ಹಣೆ ಅಂಚಿನ ಕೂದಲು ಹಿಂದಕ್ಕೆ ಹೋಗತ್ತೆ, ತಡ ಆದ್ರೆ ಅಲ್ಲಿ ಮತ್ತೆ ಹುಟ್ಟೋದೂ ಇಲ್ಲ.

ಸ್ಟ್ರೈಟ್ನರ್, ಡ್ರೈಯರ್ ಪೂರ್ತಿ ಬಿಡ್ಬೇಕಾ?

ಸ್ಟ್ರೈಟ್ನರ್ ಆದಷ್ಟು ಬಿಡಿ. ಬಿಡೋಕಾಗಲ್ಲ ಅಂದ್ರೆ 180 ಡಿಗ್ರಿ ಸೆಲ್ಸಿಯಸ್ ದಾಟಬೇಡಿ, ಬ್ಲೀಚ್ ಆಗಿದ್ರೆ 150 ಸಾಕು, ಮೊದ್ಲು ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ, ಒಂದು ಎಳೆಯ ಮೇಲೆ ಒಂದೇ ಸಲ. ಒದ್ದೆ ಕೂದಲಿಗೆ ಮಾತ್ರ ಯಾವತ್ತೂ ಹಿಡೀಬೇಡಿ. ಚುರ್ ಅಂತ ಸೌಂಡ್ ಬಂದು ಹಬೆ ಬರತ್ತಲ್ಲ, ಆಗ ಕೂದಲ ಒಳಗಿನ ನೀರೇ ಕುದಿದು ಗುಳ್ಳೆ ಆಗತ್ತೆ, ಬಬಲ್ ಹೇರ್ ಅಂತಾನೇ ಹೆಸರಿದೆ ಅದಕ್ಕೆ, ಆ ಗುಳ್ಳೆ ಇದ್ದಲ್ಲೇ ಮುರಿಯೋದು.

ಡ್ರೈಯರ್ ಅಷ್ಟು ಕೆಟ್ಟದ್ದಲ್ಲ. 2011ರ ಒಂದು ಕೊರಿಯನ್ ಅಧ್ಯಯನದ ಪ್ರಕಾರ 15 ಸೆಂ.ಮೀ. ದೂರದಿಂದ ಕೈ ಆಡಿಸ್ತಾ ಡ್ರೈಯರ್ ಹಿಡಿದ್ರೆ, ತುಂಬಾ ಹೊತ್ತು ಒದ್ದೆಯಾಗೇ ಬಿಟ್ಟು ತಾನಾಗಿ ಒಣಗಿಸೋದಕ್ಕಿಂತ ಕೂದಲ ಒಳಪದರಕ್ಕೆ ಹಾನಿ ಕಮ್ಮಿ, ಹೊರಮೈಗೆ ಮಾತ್ರ ಸ್ವಲ್ಪ ಹಾನಿ ಇದೆ. ನಾನಂತೂ ಮುಕ್ಕಾಲು ಗಾಳಿಗೆ ಒಣಗಿಸಿ ಕೊನೇಲಿ ಡ್ರೈಯರ್ ಹಿಡೀತೀನಿ.

ಟಚಪ್ ಎಷ್ಟು ದಿನಕ್ಕೊಮ್ಮೆ?

ರಿಲ್ಯಾಕ್ಸರ್ ಆದ್ರೆ 8ರಿಂದ 12 ವಾರ, ಅದಕ್ಕಿಂತ ಮುಂಚೆ ಬೇಡ. ರಿಬಾಂಡಿಂಗ್ ಕನಿಷ್ಠ 6 ತಿಂಗಳು, ತಡ ಆದಷ್ಟೂ ಒಳ್ಳೇದು. ಇಲ್ಲಿ ದಿನಕ್ಕಿಂತ ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ ಕ್ರೀಮ್ ಎಲ್ಲಿ ಹಚ್ತಾರೆ ಅನ್ನೋದು. ಹೊಸದಾಗಿ ಬಂದಿರೋ ಬುಡದ ಭಾಗಕ್ಕೆ ಮಾತ್ರ ಹಚ್ಚಬೇಕು. ಟೈಮ್ ಉಳಿಸೋಕೆ ಬುಡದಿಂದ ತುದಿವರೆಗೂ ಬಳಿದ್ರೆ ಹೋದ ವರ್ಷ ಒಂದ್ಸಲ ಸುಟ್ಟಿರೋ ಕೂದಲಿಗೆ ಇನ್ನೊಂದ್ಸಲ ಬೆಂಕಿ ಹಚ್ಚಿದ ಹಾಗೆ. ಕೂರೋ ಮೊದ್ಲೇ ಬಾಯಿಬಿಟ್ಟು ಹೇಳಿ, ಹಳೇ ಕೂದಲಿಗೆ ಏನಾದ್ರೂ ತಡೆ ಹಚ್ಚಿ ಅಂತ, ಸಂಕೋಚ ಪಡಬೇಡಿ, ಕೂದಲು ನಿಮ್ದು.

ಹೊಸದು ಹಳೇದು ಸೇರೋ ಜಾಗನ ಬೆರಳಲ್ಲೇ ಕಂಡುಹಿಡೀಬಹುದು. ನೆತ್ತಿಯಿಂದ ಒಂದೇ ಎಳೆ ಹಿಡಿದು ಕೆಳಗೆ ಜಾರಿಸ್ತಾ ಬನ್ನಿ, ದಪ್ಪ, ಸ್ವಲ್ಪ ಡೊಂಕು ಇದ್ದಿದ್ದು ಒಂದು ಕಡೆ ಥಟ್ಟನೆ ತೆಳ್ಳಗೆ ನುಣ್ಣಗೆ ಆಗತ್ತೆ. ಅಲ್ಲೇ ಅತಿ ಹೆಚ್ಚು ಮುರಿಯೋದು. ಟಚಪ್ ತಡ ಮಾಡೋರು ಅಲ್ಲಿ ವಿಶೇಷ ಜೋಪಾನ ಮಾಡ್ಬೇಕು, ರಬ್ಬರ್ ಬ್ಯಾಂಡ್ ಅದೇ ಜಾಗಕ್ಕೆ ಬರದ ಹಾಗೆ ನೋಡ್ಕೊಳ್ಳಿ.

ಕಲರ್, ರಿಬಾಂಡಿಂಗ್ ಒಂದೇ ದಿನ ಮಾಡಿಸ್ಬಹುದಾ?

ಬೇಡ. ಕನಿಷ್ಠ ಎರಡು ವಾರ ಗ್ಯಾಪ್ ಇರ್ಲಿ, ಕಲರ್ ಆಮೇಲೆ ಮಾಡಿಸಿ. ಬ್ಲೀಚ್ ಆಗಿರೋ ಕೂದಲಿಗೆ ರಿಬಾಂಡಿಂಗ್ ಮಾಡ್ತೀನಿ ಅಂತ ಯಾರಾದ್ರೂ ಧೈರ್ಯವಾಗಿ ಹೇಳಿದ್ರೆ ಎದ್ದು ಬನ್ನಿ. ಹೈಡ್ರಾಕ್ಸೈಡ್ ರಿಲ್ಯಾಕ್ಸರ್ ಆಗಿರೋ ಕೂದಲ ಮೇಲೆ ಥಯೋಗ್ಲೈಕೊಲೇಟ್ ಅಂತೂ ಹಾಕಲೇಬಾರದು, ಕೈಯಲ್ಲೇ ಕಿತ್ತು ಬರತ್ತೆ. ಪುಡಿ ಮೆಹಂದಿ ಹಚ್ಚಿದ್ರೆ ಅದನ್ನೂ ಮುಚ್ಚಿಡಬೇಡಿ, ಕೆಲವು ಮೆಹಂದಿ ಪ್ಯಾಕೆಟ್‌ಗಳಲ್ಲಿ ಲೋಹದ ಲವಣ ಬೆರೆಸಿರ್ತಾರೆ, ಅದಕ್ಕೆ ಪೆರಾಕ್ಸೈಡ್ ತಾಗಿದ್ರೆ ಬಿಸಿ ಏರಿ ಕೂದಲು ಕರಗತ್ತೆ. ಒಂದು ಎಳೆ ಕತ್ತರಿಸಿ ಟೆಸ್ಟ್ ಮಾಡಿ ಅಂತ ಕೇಳಿ. ಕಲರ್‌ಗೆ 48 ಗಂಟೆ ಮುಂಚೆ ಕಿವಿ ಹಿಂದೆ ಸ್ವಲ್ಪ ಹಚ್ಚಿ ಪ್ಯಾಚ್ ಟೆಸ್ಟ್, ಪ್ರತಿ ಸಲವೂ, ಯಾಕಂದ್ರೆ ಕಲರ್‌ನಲ್ಲಿರೋ ಪಿಪಿಡಿ ಅನ್ನೋ ಕೆಮಿಕಲ್‌ಗೆ ಅಲರ್ಜಿ ಹತ್ತು ವರ್ಷ ಸುಮ್ನಿದ್ದು ಹನ್ನೊಂದನೇ ವರ್ಷ ಬರಬಹುದು.

ಟ್ರಿಮ್ ಮಾಡಿಸ್ತಾ ಇದ್ರೆ ಬೇಗ ಬೆಳೆಯತ್ತಾ?

ಇಲ್ಲ. ತುದಿ ಕತ್ತರಿಸಿದ್ದು ಬುಡಕ್ಕೆ ಗೊತ್ತೇ ಆಗಲ್ಲ. ಆದ್ರೆ ಸೀಳು ಮೇಲಕ್ಕೆ ಹತ್ತೋದು ನಿಲ್ಲತ್ತೆ, ಹಾಗಾಗಿ ಎರಡ್ಮೂರು ತಿಂಗಳಿಗೆ ಒಂದು ಸೆಂಟಿಮೀಟರ್ ತೆಗೆಸಿದ್ರೆ ಲಾಭನೇ.

ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ತಗೊಳ್ಳಾ?

ಕೊರತೆ ಇದ್ರೆ ಮಾತ್ರ ಉಪಯೋಗ, ಕೊರತೆ ಇರೋರು ಬಹಳ ಕಮ್ಮಿ. ಮುರೀತಿರೋ ಕೂದಲಿಗೆ ಮಾತ್ರೆಯಿಂದ ಏನೂ ಆಗಲ್ಲ, ಸತ್ತ ಭಾಗಕ್ಕೆ ಅದು ತಲುಪೋದೇ ಇಲ್ಲ. ಮೇಲಾಗಿ ಬಯೋಟಿನ್ ಜಾಸ್ತಿ ಡೋಸ್ ತಗೊಂಡಿದ್ರೆ ಥೈರಾಯ್ಡ್ ಟೆಸ್ಟು, ಹೃದಯಾಘಾತಕ್ಕೆ ಮಾಡೋ ಟ್ರೊಪೋನಿನ್ ಟೆಸ್ಟು ತಪ್ಪು ರಿಸಲ್ಟ್ ತೋರಿಸಬಹುದು, ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವಾಗ ಹೇಳೋದು ಮರೀಬೇಡಿ. ಊಟದಲ್ಲಿ ಪ್ರೋಟೀನು, ಕಬ್ಬಿಣದ ಅಂಶ ಸರಿಯಾಗಿರ್ಲಿ.

ಕೆರಟಿನ್ ಟ್ರೀಟ್ಮೆಂಟಿಂದ ಕ್ಯಾನ್ಸರ್ ಬರತ್ತೆ ಅಂತಾರಲ್ಲ?

ಹಲವು ಕೆರಟಿನ್ ಟ್ರೀಟ್ಮೆಂಟ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಇರತ್ತೆ, ಇಲ್ಲಾಂದ್ರೆ ಐರನ್ ಬಿಸಿಗೆ ಅದು ಬಿಡುಗಡೆ ಆಗತ್ತೆ. ಮೆಥಿಲೀನ್ ಗ್ಲೈಕಾಲ್ ಅಂತ ಬರೆದಿದ್ರೂ ಅದೇ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಇದನ್ನ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ ಗುರುತಿಸಿದೆ. ಮಾಡಿಸುವಾಗ ಕಣ್ಣು ಉರಿದು ನೀರು ಬರ್ತಿದ್ರೆ ಸುಮ್ನೆ ಕೂರಬೇಡಿ. ಅದರ ಬದಲು ಬಂದಿರೋ ಗ್ಲೈಆಕ್ಸಿಲಿಕ್ ಆಸಿಡ್ಡೂ ನಿರುಪದ್ರವಿ ಅಲ್ಲ, ಹಚ್ಚಿಸ್ಕೊಂಡ ಪ್ರತಿ ಸಲವೂ ಕಿಡ್ನಿಗೆ ಪೆಟ್ಟಾದ ಒಬ್ಬ ಯುವತಿಯ ಕೇಸು 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಸ್ಟ್ರೈಟ್ನಿಂಗ್ ಕೆಮಿಕಲ್‌ಗಳ ಬಗ್ಗೆ 2022ರಲ್ಲಿ ಅಮೆರಿಕದಲ್ಲಿ 33,497 ಹೆಂಗಸರ ಮೇಲಿನ ದೊಡ್ಡ ಅಧ್ಯಯನ ಬಂತು. ಯಾವತ್ತೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆ 1.64%, ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ 4.05% ಅಂತ ಅಂದಾಜು. ಇದು ನಂಟು ತೋರಿಸತ್ತೆ, ಇದೇ ಕಾರಣ ಅಂತ ಸಾಬೀತು ಮಾಡಲ್ಲ. ಆದ್ರೂ ಗ್ಯಾಪ್ ಜಾಸ್ತಿ ಕೊಡೋಕೆ ಇಷ್ಟು ಸಾಕಲ್ವಾ.

ಪ್ರೆಗ್ನೆಂಟ್ ಇರುವಾಗ?

ಸ್ಟ್ರೈಟ್ನಿಂಗ್, ಕೆರಟಿನ್ ಮುಂದೂಡಿ. ಕಲರ್ ಬೇಕೇ ಬೇಕಂದ್ರೆ ಮೊದಲ ಮೂರು ತಿಂಗಳು ಕಳೀಲಿ, ನಿಮ್ಮ ಡಾಕ್ಟರ್‌ನ ಕೇಳಿ.

ಸ್ವಿಮ್ಮಿಂಗ್ ಹೋಗ್ತೀನಿ, ಏನ್ ಮಾಡ್ಲಿ?

ಇಳಿಯೋ ಮುಂಚೆ ಮಾಮೂಲಿ ನೀರಲ್ಲಿ ಕೂದಲು ಪೂರ್ತಿ ನೆನೆಸಿ ಕಂಡೀಷನರ್ ಹಚ್ಚಿ ಕ್ಯಾಪ್ ಹಾಕಿ, ಆಗ ಕ್ಲೋರಿನ್ ನೀರು ಕಮ್ಮಿ ಹೀರತ್ತೆ. ತಿಳಿ ಬಣ್ಣದ ಕೂದಲು ಹಸಿರಾಗೋದು ನೀರಲ್ಲಿರೋ ತಾಮ್ರದಿಂದ.

ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು?

ನೆತ್ತಿಯಲ್ಲಿ ಗುಳ್ಳೆ, ಕೀವು, ವಾಸಿಯಾಗದ ಉರಿ ಇದ್ರೆ ಕಾಯಬೇಡಿ. ದುಂಡಗೆ ಬೋಳಾದ ಜಾಗ ಕಂಡ್ರೆ, ನಡುನೆತ್ತಿ ನುಣ್ಣಗೆ ಹೊಳೀತಾ ರಂಧ್ರಗಳೇ ಕಾಣ್ತಿಲ್ಲ ಅಂದ್ರೆ ಕೂಡ, ಅದು ಕಲೆಗಟ್ಟಿ ಶಾಶ್ವತ ಆಗೋ ತರದ್ದಿರಬಹುದು. ಬುಡದ ಗುಂಡು ಸಮೇತ ಕೈತುಂಬಾ ಉದುರ್ತಿದ್ರೆ ಎರಡ್ಮೂರು ತಿಂಗಳ ಹಿಂದೆ ಜೋರು ಜ್ವರ, ಹೆರಿಗೆ, ಆಪರೇಷನ್, ಸಿಕ್ಕಾಪಟ್ಟೆ ಡಯಟ್ ಏನಾದ್ರೂ ಆಗಿತ್ತಾ ನೆನಪಿಸ್ಕೊಳ್ಳಿ, ಪಾಪ ಪಾರ್ಲರ್‌ದೇನೂ ತಪ್ಪಿಲ್ದೇ ಇರಬಹುದು. ಫೆರಿಟಿನ್ (ಮೈಯಲ್ಲಿರೋ ಕಬ್ಬಿಣದ ದಾಸ್ತಾನು), ಥೈರಾಯ್ಡ್ ಚೆಕ್ ಮಾಡಿಸ್ತಾರೆ.

ಎಲ್ಲಾ ಬಿಟ್ಟು ಸ್ವಂತ ಕೂದಲಿಗೆ ವಾಪಸ್ ಬರೋಕೆ ಎಷ್ಟು ದಿನ?

ಲೆಕ್ಕ ಸುಲಭ. ತಿಂಗಳಿಗೆ 1.25 ಸೆಂ.ಮೀ. ಅಂದ್ರೂ 30 ಸೆಂ.ಮೀ.ಗೆ ಎರಡು ವರ್ಷ. ಧೈರ್ಯ ಇದ್ರೆ ಹಳೇದೆಲ್ಲಾ ಒಂದೇ ಸಲ ಕತ್ತರಿಸಿ, ಇಲ್ಲಾಂದ್ರೆ ಎರಡ್ಮೂರು ತಿಂಗಳಿಗೊಮ್ಮೆ ಎರಡೆರಡು ಸೆಂಟಿಮೀಟರ್ ತೆಗೆಸ್ತಾ ಹೋಗಿ. ಎಂಟನೇ ತಿಂಗಳಿಂದ ಒಂದೂವರೆ ವರ್ಷದವರೆಗೆ ಮೇಲೆ ಒಂದು ತರ ಕೆಳಗೆ ಒಂದು ತರ, ನೋಡೋಕೆ ಕಿರಿಕಿರಿ ಆಗತ್ತೆ, ತುಂಬಾ ಜನ ಅಲ್ಲೇ ಸೋತು ಮತ್ತೆ ಪಾರ್ಲರ್ ಕುರ್ಚಿ ಹತ್ತೋದು. ಆ ಟೈಮಲ್ಲಿ ಸಡಿಲ ಜಡೆ, ಬನ್, ಶಾಖ ಇಲ್ಲದ ಕರ್ಲರ್‌ಗಳಲ್ಲಿ ಎರಡನ್ನೂ ಒಂದೇ ತರ ಕಾಣೋ ಹಾಗೆ ಮಾಡ್ಕೊಳ್ಳಿ, ಸೇರೋ ಜಾಗನ ಹುಷಾರಾಗಿ ಬಾಚಿ.